ಹಳೇ ಸಿಮೆಂಟ್ ನೆಲಕ್ಕೆ ಆಸಿಡ್ ಸ್ಟೇನ್: ನಾಲ್ಕು ವರ್ಷ ಓಡಾಡಿದ ಮೇಲೆ

ಬಣ್ಣಕ್ಕೆ ಐದಕ್ಕೆ ಐದು. ಬಣ್ಣ ಕಾಯಲು ಮೇಲೆ ಬಳಿದ ಪಾರದರ್ಶಕ ಲೇಪಕ್ಕೆ, ಅಂದರೆ ಸೀಲರ್‌ಗೆ ಎರಡು, ಅದೂ ಜಾಸ್ತಿಯೇ.

ಮೈಸೂರಿನ ನಮ್ಮ ಮನೆ ಮಾವ ಕಟ್ಟಿಸಿದ್ದು. ಹಾಲ್‌ನಲ್ಲಿ ಬೂದು ಸಿಮೆಂಟ್ ನೆಲ. ಟೈಲ್ಸ್ ಹಾಕಿಸಿದರೆ ನೆಲ ಎತ್ತರವಾಗಿ ಬಾಗಿಲುಗಳನ್ನು ಕೊಯ್ಯಬೇಕಿತ್ತು. ಅದಕ್ಕೇ 2021ರಲ್ಲಿ ಕಂದು ಸ್ಟೇನ್ ಹಾಕಿಸಿದೆವು. ಇದು ಪೇಂಟ್ ಅಲ್ಲ. ಇದರಲ್ಲಿರುವ ಲೋಹದ ಲವಣಗಳು ಸಿಮೆಂಟಿನ ಸುಣ್ಣದ ಜೊತೆ ಸೇರಿ ಬಣ್ಣ ಕಟ್ಟುತ್ತವೆ. ಹಾಗಾಗಿ ಸಿಪ್ಪೆ ಏಳುವ ಮಾತಿಲ್ಲ. ಆದರೆ ಕಾವಿ ನೆಲದ ಹಾಗೆ ಒಂದೇ ಸಮ ಬರುವುದಿಲ್ಲ, ಮೋಡ ಮೋಡವಾಗಿರುತ್ತದೆ. "ಯಾರೋ ಕಾಫಿ ಚೆಲ್ಲಿದ ಹಾಗಿದೆಯಲ್ಲೇ" ಅಂದರು ಅತ್ತೆ.

ನಿಜವಾದ ಕೆಲಸ ಇರುವುದು ಸ್ಟೇನ್ ಹಾಕುವ ಮೊದಲು. ಹಿಂದೆ ಬಾಡಿಗೆಗೆ ಇದ್ದವರು ಗಮ್ ಹಚ್ಚಿ ವಿನೈಲ್ ಶೀಟ್ ಅಂಟಿಸಿದ್ದರು. ಅದನ್ನು ಕಿತ್ತು, ಗಮ್ ಹೆರೆದು, ನೆಲ ಉಜ್ಜುವ ಮಷೀನ್ ಹೊಡೆಸಿದೆವು. ಆಮೇಲೆ ನೀರು ಚಿಮುಕಿಸಿ ನೋಡಬೇಕು. ನೆಲ ಕುಡಿದು ಕಪ್ಪಾದರೆ ಸರಿ. ಕೆಸುವಿನೆಲೆ ಮೇಲೆ ನಿಂತ ಹಾಗೆ ನಿಂತರೆ ಗಮ್ಮೋ ಎಣ್ಣೆಯೋ ಇನ್ನೂ ಇದೆ ಎಂದೇ ಅರ್ಥ. ನಾವು ಕೋಣೆಯ ಮಧ್ಯೆ ನೋಡಿದೆವು, ಕಿಟಕಿ ಕೆಳಗೆ ನೋಡಲಿಲ್ಲ. ಅಲ್ಲಿ ಅಂಗೈ ಅಗಲದ ಪಟ್ಟಿ ಬಣ್ಣವನ್ನೇ ಹಿಡಿಯಲಿಲ್ಲ. ಬಿರುಕಿಗೆ ಮೆತ್ತಿದ ಹೊಸ ಸಿಮೆಂಟೂ ಬೇರೆ ಬಣ್ಣಕ್ಕೆ ತಿರುಗಿ, ಗೆರೆ ಎದ್ದು ಕಾಣುತ್ತದೆ.

ಸ್ಟೇನ್ ಹೊಡೆಯುವಾಗ ಕಿಟಕಿಗಳೆಲ್ಲ ತೆರೆದಿರಲಿ, ಘಾಟು ಜೋರು. ಸ್ಪ್ರೇಯರ್ ಪ್ಲಾಸ್ಟಿಕ್‌ನದೇ ಆಗಬೇಕು. ಬಣ್ಣ ಕೂತ ಮೇಲೆ ಅಡುಗೆ ಸೋಡಾ ನೀರು ಹಾಕಿ ಉಜ್ಜಿ, ನೀರು ತಿಳಿಯಾಗುವ ತನಕ ತೊಳೆಯಬೇಕು.

ಸೀಲರ್ ಕಥೆ ಬೇರೆ. ಜುಲೈ ತಿಂಗಳು, ಜಿಟಿಜಿಟಿ ಮಳೆ. ಇನ್ನೆರಡು ದಿನ ಒಣಗಲಿ ಅಂದೆ. "ಏನೂ ಆಗಲ್ಲ ಮೇಡಂ" ಅಂತ ಗುತ್ತಿಗೆಯವರು ಬಳಿದೇ ಬಿಟ್ಟರು. ವಾರದೊಳಗೆ ಮಜ್ಜಿಗೆ ಒರೆಸಿದ ಹಾಗೆ ಬೆಳ್ಳಗಾಯಿತು. ಒಳಗಿನ ತೇವಕ್ಕೆ ಹೊರಬರಲು ದಾರಿ ಇರಲಿಲ್ಲ, ಅಷ್ಟೇ. ಸೀಲರ್ ಬಳಿಯುವ ಮೊದಲೇ ನೆಲದ ಮೇಲೆ ಒಂದು ಪ್ಲಾಸ್ಟಿಕ್ ಹಾಳೆ ಹಾಸಿ, ಸುತ್ತ ಟೇಪ್ ಅಂಟಿಸಿ ಒಂದು ರಾತ್ರಿ ಬಿಟ್ಟಿದ್ದರೆ ಅಡಿಯಲ್ಲಿ ಹನಿ ಕಾಣುತ್ತಿತ್ತು! ಬೇಸಿಗೆಯಲ್ಲಿ ಎಲ್ಲ ತೆಗೆಸಿ, ತೆಳ್ಳಗೆ ಎರಡು ಕೋಟ್ ಮತ್ತೆ ಬಳಿಸಿದೆವು.

ಈಗ ಅಡುಗೆಮನೆ ಬಾಗಿಲಲ್ಲಿ ಸೀಲರ್ ಸವೆದಿದೆ, ಅಲ್ಲಿ ಅರಿಶಿನ ಬಿದ್ದರೆ ತಕ್ಷಣ ಒರೆಸಬೇಕು. ಕೆಳಗಿನ ಕಂದು ಮಾತ್ರ ಹಾಗೇ ಇದೆ. ಕಿಟಕಿ ಕೆಳಗಿನ ಪಟ್ಟಿಯ ಮೇಲೆ ಹೊಲಿಗೆ ಮಷೀನ್ ಇಟ್ಟಿದ್ದೇನೆ.