ನೆಲ್ಲಿ ಬ್ಲೈ ಹುಚ್ಚಿಗೆ ಕೊಂಡ 20 ಲೀಟರ್ ಬ್ಯಾಗು: 5ಕ್ಕೆ ಮೂರೂವರೆ

ಈ ಬ್ಯಾಗು ಕೊಳ್ಳಲು ಕಾರಣ ನೆಲ್ಲಿ ಬ್ಲೈ. ನ್ಯೂಯಾರ್ಕಿನ ಪತ್ರಕರ್ತೆ, ಆಗ ವಯಸ್ಸು 25. 1889ರ ನವೆಂಬರ್ 14ರಂದು ಹಡಗು ಹತ್ತಿದವಳು ಒಬ್ಬಳೇ ಲೋಕ ಸುತ್ತಿ 72 ದಿನಕ್ಕೆ ವಾಪಸ್ ಬಂದಳು. ಸಾಮಾನು ಅಂತ ಇದ್ದದ್ದು ಒಂದೇ ಕೈಚೀಲ: 16 ಇಂಚು ಅಗಲ, 7 ಇಂಚು ಎತ್ತರ. ನಾನೋ, ನಾಲ್ಕು ದಿನದ ಕೊಲಂಬೊ ಪ್ರವಾಸಕ್ಕೆ ದೊಡ್ಡ ಸೂಟ್‌ಕೇಸ್ ಅಟ್ಟದಿಂದ ಇಳಿಸಿದ್ದೆ. ನಾಚಿಕೆಯಾಯಿತು.

ಗಾಂಧಿ ಬಜಾರಿನ ಅಂಗಡಿಯೊಂದರಲ್ಲಿ 1,650 ರೂಪಾಯಿಗೆ ಇದು ಸಿಕ್ಕಿತು. ಹೆಗಲಿಗೆ ಹಾಕುವ ಬ್ಯಾಗು. ಬಟ್ಟೆ ಗಟ್ಟಿ, ಹೊಲಿಗೆ ಎರಡೆರಡು ಸಲ. "ಇಷ್ಟೇನಾ? ಟಿಫನ್ ಬ್ಯಾಗ್ ಥರ ಇದೆ" ಅಂದರು ಅಮ್ಮ.

ನೆಲ್ಲಿ ತನ್ನ ಚೀಲದಲ್ಲಿ ಎರಡು ಟೋಪಿ, ಮೂರು ಮುಖಪರದೆ, ಚಪ್ಪಲಿ, ಮಸಿಕುಡಿಕೆ, ಪೆನ್ನು, ಸೂಜಿದಾರ, ಒಳಉಡುಪು, ಕರ್ಚೀಫು ಎಲ್ಲ ಹಿಡಿಸಿದ್ದಳು. ಸೆಕೆಯ ಊರುಗಳಿಗೆ ಅಂತ ಹೊಲಿಸಿದ್ದ ತೆಳು ಉಡುಪು ಮಾತ್ರ ಹಿಡಿಸದೆ ಬಿಟ್ಟು ಹೋದಳು. ಅವಳನ್ನು ಹೆಚ್ಚು ಕಾಡಿದ್ದು ಕೋಲ್ಡ್ ಕ್ರೀಮಿನ ಡಬ್ಬಿ. ಜಾಗವೆಲ್ಲ ಅದೇ ತಿಂದಿತಂತೆ! ನನಗೆ ಆ ಡಬ್ಬಿ ಯಾವುದು ಗೊತ್ತಾ? ಅಮ್ಮ ಕೊಟ್ಟ ಕೊಬ್ಬರಿ ಎಣ್ಣೆ ಬಾಟಲಿ. ವಿಮಾನದೊಳಗೆ ಒಯ್ಯುವ ಬ್ಯಾಗಿನಲ್ಲಿ 100 ಎಂಎಲ್‌ಗಿಂತ ದೊಡ್ಡ ಬಾಟಲಿಯ ದ್ರವ ಇರಬಾರದೆಂಬ ನಿಯಮ ನೆಲ್ಲಿಗೆ ಇರಲಿಲ್ಲ, ನನಗಿತ್ತು. ಸುಮ್ನೆ ಮನೆಯಲ್ಲೇ ಬಿಟ್ಟೆ. ಆ ಜಾಗದಲ್ಲಿ ಇನ್ನೊಂದು ಕುರ್ತಾ ಕೂತಿತು. ಒಟ್ಟು ಮೂರು ಕುರ್ತಾ, ಎರಡು ಪ್ಯಾಂಟು, ಟವೆಲ್, ಚಾರ್ಜರ್. ತೂಕ ಐದೂವರೆ ಕೆಜಿ. ಲಗೇಜು ಬೆಲ್ಟ್ ಮುಂದೆ ಕಾಯುವ ಗೋಳೇ ಇಲ್ಲ. ಇಳಿದವಳೇ ಸೀದಾ ಆಚೆ ಬಂದೆ.

ಎರಡನೇ ದಿನ ಕೊಲಂಬೊ ಕೋಟೆ ಪ್ರದೇಶಕ್ಕೆ ಹೋದೆ. ಬಂದರಿನ ಹತ್ತಿರವೇ ಗ್ರ್ಯಾಂಡ್ ಓರಿಯೆಂಟಲ್ ಹೋಟೆಲ್. ಮುಂದಿನ ಹಡಗು ಹೊರಡುವುದು ತಡವಾಗಿ ನೆಲ್ಲಿ ಐದು ದಿನ ಕಾದದ್ದು ಇದೇ ಊರಲ್ಲಿ, ಇಳಿದುಕೊಂಡದ್ದು ಇದೇ ಹೋಟೆಲಲ್ಲಿ. ದಿನ ಎಣಿಸುತ್ತಾ ಓಡುವವಳಿಗೆ ಐದು ದಿನ ಅಂದರೆ ಜಾಸ್ತೀನೇ ಅಲ್ವಾ? ಎದುರು ನಿಂತು ಫೋಟೋ ತೆಗೆಯೋಣ ಅಂತ ಫೋನಿಗೆ ಕೈ ಹಾಕಿದರೆ ಮುಂದಿನ ಖಾನೆಯ ಜಿಪ್ ಕಚ್ಚಿಕೊಂಡಿತು. ಒಳಗಿನ ಲೈನಿಂಗು ಹಲ್ಲಿಗೆ ಸಿಕ್ಕಿತ್ತು. ಬಿಸಿಲಲ್ಲಿ ಹತ್ತು ನಿಮಿಷ ಎಳೆದಾಡಿ ಹೇರ್‌ಪಿನ್‌ನಿಂದ ಬಿಡಿಸಿದೆ. ಆಮೇಲೆ ಆ ಖಾನೆಗೆ ಫೋನು ಹಾಕಲೇ ಇಲ್ಲ.

ಬೆನ್ನಿನ ಕಡೆ ಗಾಳಿಯಾಡಲ್ಲ, ಕುರ್ತಾ ಒದ್ದೆಯಾಗುತ್ತದೆ. ನೀರಿನ ಬಾಟಲಿ ಜೇಬು ಚೆನ್ನಾಗಿದೆ, ಲೀಟರ್ ಬಾಟಲಿ ಹಿಡಿಯುತ್ತದೆ.

ವಾಪಸ್ ಬಂದು ಅಂಗಡಿಯವರಿಗೆ ಜಿಪ್ ತೋರಿಸಿದೆ. ಬದಲಾಯಿಸಿ ಕೊಡಲಿಲ್ಲ. ಡ್ರಾದಿಂದ ಮೇಣದ ಬತ್ತಿ ತೆಗೆದು ಹಲ್ಲಿನುದ್ದಕ್ಕೂ ತಿಕ್ಕಿ, "ಈಗ ನೋಡಿ ಮೇಡಂ" ಅಂದರು. ಮೂರು ವಾರ ಆಯಿತು, ಇನ್ನೂ ಕಚ್ಚಿಲ್ಲ.