ಹತ್ತಿರದ ಆಸ್ಪತ್ರೆಯೋ, ದೂರದ್ದೋ? ಗರ್ಭಕಂಠದ ಕ್ಯಾನ್ಸರ್‌ಗೆ ಕರೆಂಟ್ ಎಲ್ಲಿ ಕೊಡಿಸಬೇಕು

ವಿಜಯಪುರ, ಕಲಬುರಗಿ, ಯಾದಗಿರಿ ಕಡೆಯ ಹಳ್ಳಿಗಳಲ್ಲಿ ಹೆಣ್ಣುಮಗಳೊಬ್ಬಳಿಗೆ ಗರ್ಭಕಂಠದ ಕ್ಯಾನ್ಸರ್ ಎಂದು ಬಯಾಪ್ಸಿ ವರದಿ ಬಂದರೆ ಮನೆಯಲ್ಲಿ ಏಳುವ ಮೊದಲ ಪ್ರಶ್ನೆ, ಎಲ್ಲಿಗೆ ಒಯ್ಯುವುದು? ಸೊಲ್ಲಾಪುರ ಎನ್ನುವವರಿದ್ದಾರೆ, ಮಿರಜ ಎನ್ನುವವರಿದ್ದಾರೆ. ಬಾರ್ಶಿ, ಹುಬ್ಬಳ್ಳಿಯ ನವನಗರ, ಕಲಬುರಗಿಯಲ್ಲೇ ಇರುವ ಕಿದ್ವಾಯಿ ಶಾಖೆ, ಇಲ್ಲವೇ ಸೀದಾ ಬೆಂಗಳೂರು ಎಂದು ಬಂಧುಗಳು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಕೆಲವೇ ವರ್ಷಗಳ ಅಂತರದಲ್ಲಿ ನಮ್ಮ ಮನೆಯ ಮೂವರು ಹೆಂಗಸರಿಗೆ ಕ್ಯಾನ್ಸರ್ ಬಂತು. ಮೂವರೊಂದಿಗೂ ಜೊತೆಗಿದ್ದವಳು ನಾನು. ಹತ್ತಿರದ ನಗರದ ಖಾಸಗಿ ಆಸ್ಪತ್ರೆ, ದೂರದ ಮಹಾನಗರದ ದೊಡ್ಡ ಸರ್ಕಾರಿ ಆಸ್ಪತ್ರೆ, ಇವೆರಡರ ನಡುವಿನ ಒಂದು ಟ್ರಸ್ಟ್ ಆಸ್ಪತ್ರೆ, ಈ ಮೂರರಲ್ಲೂ ಪಾಳಿ ಹಚ್ಚಿ ಕುಳಿತಿದ್ದೇನೆ. ಅವುಗಳ ಹೆಸರು ಬರೆಯುವುದಿಲ್ಲ. ವೈದ್ಯರು, ಯಂತ್ರ, ದರ ಎಲ್ಲವೂ ಬದಲಾಗುತ್ತಿರುತ್ತವೆ. ಆಸ್ಪತ್ರೆಯ ಬಗೆ ಅಷ್ಟು ಬೇಗ ಬದಲಾಗುವುದಿಲ್ಲ.

ಹೋಲಿಸುವ ಮೊದಲು ಚಿಕಿತ್ಸೆ ಎಂದರೆ ಏನು ಎಂಬುದು ಗೊತ್ತಿರಬೇಕು. ಶಸ್ತ್ರಚಿಕಿತ್ಸೆಯ ಹಂತ ದಾಟಿದ ಗರ್ಭಕಂಠದ ಕ್ಯಾನ್ಸರ್‌ಗೆ ಕಿರಣ ಚಿಕಿತ್ಸೆಯೇ ಮುಖ್ಯ. ಜನರ ಬಾಯಲ್ಲಿ ಅದೇ ‘ಕರೆಂಟ್’. ಅದರಲ್ಲಿ ಎರಡು ಪಾಲು. ಹೊರಗಿನಿಂದ ಕೊಡುವ ಕರೆಂಟ್ ವಾರಕ್ಕೆ ಐದು ದಿನದಂತೆ ಸುಮಾರು 25 ಬಾರಿ, ಅಂದರೆ ಐದು ವಾರ. ಜೊತೆಗೆ ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಎಂಬ ಔಷಧದ ಸಲೈನ್. ಇದು ಮುಗಿಯುತ್ತಿದ್ದಂತೆ ಬ್ರಾಕಿಥೆರಪಿ: ಗರ್ಭಕೋಶದ ಒಳಕ್ಕೆ ಕೊಳವೆ ಇಟ್ಟು, ವಿಕಿರಣದ ಸಣ್ಣ ಕಾಳನ್ನು ಗಡ್ಡೆಯ ಹತ್ತಿರಕ್ಕೇ ತಂದು, ಕೆಲವು ನಿಮಿಷ ನಿಲ್ಲಿಸಿ ಹಿಂದಕ್ಕೆ ಎಳೆಯುವುದು. ಮೂತ್ರಕೋಶ, ಗುದನಾಳಗಳಿಗೆ ಆದಷ್ಟು ಕಡಿಮೆ ಪೆಟ್ಟು ಬಿದ್ದು ಗಡ್ಡೆಗೆ ಬೇಕಾದಷ್ಟು ಶಕ್ತಿ ಸಿಗುವುದು ಈ ಒಳಗಿನ ಕರೆಂಟ್‌ನಿಂದಲೇ. ಇದನ್ನು ಬಿಟ್ಟರೆ ಹೊರಗಿನ ಐದು ವಾರದ ಕಷ್ಟಕ್ಕೆ ಪೂರ್ತಿ ಫಲವಿಲ್ಲ. ಎರಡೂ ಸೇರಿ ಎಂಟು ವಾರದೊಳಗೆ ಮುಗಿಯಬೇಕು. ನಡುವೆ ಬಿಡುವಾದರೆ ಅಳಿದುಳಿದ ಕ್ಯಾನ್ಸರ್ ಕೋಶಗಳು ಮತ್ತೆ ಬೇಗ ಬೇಗ ಹೆಚ್ಚುತ್ತವೆ.

ಅವ್ವನಿಗೆ ನಾವು ಹತ್ತಿರದ ಖಾಸಗಿ ಆಸ್ಪತ್ರೆ ನೋಡಿದೆವು. ಬಸ್ಸಿನಲ್ಲಿ ಎರಡು ತಾಸಿನ ದಾರಿ, ಸಂಜೆ ಮನೆಗೆ ಮರಳಬಹುದು, ಯಂತ್ರ ಹೊಚ್ಚ ಹೊಸದು. ಬಿಪಿಎಲ್ ಕಾರ್ಡ್ ಇದ್ದುದರಿಂದ ಜಿಲ್ಲಾ ಆಸ್ಪತ್ರೆಯ ಶಿಫಾರಸು ಪತ್ರ ತಂದು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಸೇರಿಸಿದೆವು. ನಾವು ಹೋದ ಆ ವಾರದಲ್ಲೇ ಚಿಕಿತ್ಸೆ ಶುರುವಾಯಿತು, ಅದು ಈ ಬಗೆಯ ಆಸ್ಪತ್ರೆಯ ದೊಡ್ಡ ಗುಣ. ಸೊಂಟದ ಮೇಲೆ ಗುರುತಿನ ಗೆರೆ ಎಳೆದು, ಅಳಿಸಿ ಹೋಗದ ಹಾಗೆ ನೋಡಿಕೊಳ್ಳಿ ಎಂದು ನರ್ಸ್ ತಾಳ್ಮೆಯಿಂದ ಹೇಳಿಕೊಟ್ಟರು.

ಕಷ್ಟ ಶುರುವಾದದ್ದು ಮೂರನೆಯ ವಾರಕ್ಕೆ. ಹೊಟ್ಟೆಯ ಕೆಳಭಾಗಕ್ಕೆ ಕರೆಂಟ್ ಕೊಟ್ಟಾಗ ಭೇದಿ ಆಗುವುದು ಸಾಮಾನ್ಯ. ಅದರ ಮೇಲೆ, ಕರೆಂಟ್‌ಗೆ ಮಲಗುವಾಗ ಮೂತ್ರಕೋಶ ತುಂಬಿರಬೇಕು. ತುಂಬಿದಾಗ ಸಣ್ಣ ಕರುಳು ಮೇಲಕ್ಕೆ ಸರಿದು ಕಿರಣದ ದಾರಿಯಿಂದ ತಪ್ಪುತ್ತದೆ. ಹಾಗಾಗಿ ಅರ್ಧ ಲೀಟರ್ ನೀರು ಕುಡಿದು ಪಾಳಿಗಾಗಿ ಕಾಯುವುದು, ಯಂತ್ರ ನಿಂತರೆ ಎದ್ದು ಹೋಗಿ ಬಂದು ಮತ್ತೆ ಕುಡಿಯುವುದು. ಇದೆಲ್ಲ ಆದ ಮೇಲೆ ಶೌಚಾಲಯವಿಲ್ಲದ ಬಸ್ಸಿನಲ್ಲಿ ಎರಡು ತಾಸು. ಅವ್ವ ಬೆಳಿಗ್ಗೆ ಏನೂ ತಿನ್ನದೆ ಹೊರಡಲು ಶುರು ಮಾಡಿದಳು. ದಾರಿಯಲ್ಲಿ ಮಾನ ಹೋಗಬಾರದು ಎಂಬುದಷ್ಟೇ ಅವಳ ಚಿಂತೆ. ಊಟ ಬಿಟ್ಟವಳಿಗೆ ರಕ್ತ ಕಡಿಮೆಯಾಯಿತು, ರಕ್ತ ಏರಿಸುವವರೆಗೆ ಆ ವಾರದ ಸಲೈನ್ ನಿಂತಿತು. ಮನೆ ಹತ್ತಿರ ಎಂದು ಆರಿಸಿಕೊಂಡ ಆಸ್ಪತ್ರೆ ಅವಳ ಪಾಲಿಗೆ ದಿನದಿನಕ್ಕೂ ದೂರವಾಗುತ್ತಾ ಹೋಯಿತು.

ಹೊರಗಿನ ಕರೆಂಟ್ ಮುಗಿಯುವ ಹೊತ್ತಿಗೆ ಅಲ್ಲಿ ಬ್ರಾಕಿಥೆರಪಿ ಇಲ್ಲ, ಬೇರೆ ಊರಿಗೆ ಹೋಗಿ ಎಂದರು. ಮೊದಲ ದಿನವೇ ಹೇಳಬೇಕಾದ ಮಾತು ಅದು. ಹೇಳದೇ ಇದ್ದದ್ದಕ್ಕೆ ನನಗೆ ಈಗಲೂ ಸಿಟ್ಟಿದೆ. ಹೊಸ ಊರು, ಹೊಸ ಕಡತ, ಹೊಸದಾಗಿ ಯೋಜನೆಯ ಒಪ್ಪಿಗೆ. ಎಂಟು ವಾರದ ಗಡಿ ದಾಟಿದ ಮೇಲೆಯೇ ಅವ್ವನ ಚಿಕಿತ್ಸೆ ಮುಗಿದದ್ದು.

ಸಣ್ಣ ಆಸ್ಪತ್ರೆಗಳಲ್ಲಿ ಬ್ರಾಕಿಥೆರಪಿ ಏಕೆ ಇರುವುದಿಲ್ಲ ಎಂದು ಆಮೇಲೆ ತಿಳಿದುಕೊಂಡೆ. ಬಹಳ ಕಡೆ ಬಳಸುವ ಇರಿಡಿಯಂ ಮೂಲದ, ಅಂದರೆ ಆ ವಿಕಿರಣದ ಕಾಳಿನ, ಶಕ್ತಿ 74 ದಿನಕ್ಕೆ ಅರ್ಧಕ್ಕಿಳಿಯುತ್ತದೆ. ಮೂರು ನಾಲ್ಕು ತಿಂಗಳಿಗೊಮ್ಮೆ ಹೊಸದನ್ನು ತರಿಸಬೇಕು. ರೋಗಿಗಳು ಕಡಿಮೆ ಇರುವಲ್ಲಿ ಅದು ಗಿಟ್ಟುವುದಿಲ್ಲ. ಕೋಬಾಲ್ಟ್ ಮೂಲಕ್ಕೆ ಅರ್ಧಕ್ಕಿಳಿಯಲು ಐದು ವರ್ಷಕ್ಕೂ ಹೆಚ್ಚು ಬೇಕು. ಬಡ ಪ್ರದೇಶಗಳಿಗೆ ಅದೇ ಸರಿ ಎಂದು ನನ್ನ ಅಭಿಪ್ರಾಯ.

ಸೋದರತ್ತೆಯ ಸರದಿ ಬಂದಾಗ ದೂರದ ದೊಡ್ಡ ಸರ್ಕಾರಿ ಆಸ್ಪತ್ರೆಗೆ ಹೋದೆವು. ರೈಲಿನಲ್ಲಿ ಒಂದು ರಾತ್ರಿ. ಕ್ಯಾನ್ಸರ್ ಚಿಕಿತ್ಸೆಗೆ ಹೋಗುವವರಿಗೆ ರೈಲ್ವೆಯ ಸ್ಲೀಪರ್ ದರ್ಜೆಯಲ್ಲಿ ಪೂರ್ತಿ ವಿನಾಯಿತಿ ಇದೆ, ಜೊತೆಗಿರುವ ಒಬ್ಬರಿಗೆ ಶೇಕಡ 75. ಆಸ್ಪತ್ರೆಯ ವೈದ್ಯರ ಸಹಿಯಿರುವ ನಮೂನೆ ಬೇಕು, ಮೊದಲ ಭೇಟಿಯಲ್ಲೇ ಕೇಳಿ ಬರೆಸಿಕೊಳ್ಳಿ. ಅಲ್ಲಿ ಜನ ಬಹಳ. ಚೀಟಿಗೆ ಒಂದು ಸಾಲು, ರಕ್ತಕ್ಕೆ ಒಂದು, ಸ್ಕ್ಯಾನ್‌ಗೆ ಇನ್ನೊಂದು. ಕರೆಂಟ್ ಶುರುವಾಗಲು ವಾರಗಟ್ಟಲೆ ಕಾದೆವು, ಆ ಕಾಯುವಿಕೆಯ ಭಯವನ್ನು ನಾನು ಕಡಿಮೆ ಮಾಡಿ ಹೇಳುವುದಿಲ್ಲ. ಆದರೆ ಒಮ್ಮೆ ಶುರುವಾದ ಮೇಲೆ ಎಲ್ಲವೂ ಒಂದೇ ಸೂರಿನಡಿ ಸಾಗಿತು. ಹೊರಗಿನ ಕರೆಂಟ್ ಮುಗಿಯುವ ಮೊದಲೇ ಒಳಗಿನದರ ದಿನ ನಿಗದಿಯಾಗಿತ್ತು. ಬೆನ್ನಿಗೆ ಸೂಜಿ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸಿ, ಕೊಳವೆ ಕೂರಿಸಿ, ಅಲುಗಾಡದಂತೆ ಗಾಜ್ ಎಂಬ ಜಾಳು ಬಟ್ಟೆ ತುಂಬಿ, ಸ್ಕ್ಯಾನ್ ಮಾಡಿ ಆಮೇಲೆ ಕರೆಂಟ್ ಕೊಟ್ಟರು. ಅತ್ತೆಗೆ ನೋವಿಗಿಂತ ಕಾಲು ಅಲ್ಲಾಡಿಸದೆ ಗಂಟೆಗಟ್ಟಲೆ ಮಲಗುವುದೇ ಕಷ್ಟವಾಯಿತು.

ದೂರದ ಆಸ್ಪತ್ರೆಯ ಸೋಲು ಗೆಲುವು ನಿಂತಿರುವುದು ಉಳಿದುಕೊಳ್ಳುವ ಜಾಗದ ಮೇಲೆ. ಧರ್ಮಶಾಲೆಯಲ್ಲಿ ಜಾಗ ಸಿಕ್ಕಿತು, ಆದ್ದರಿಂದ ಅತ್ತೆಗೆ ಶೌಚಾಲಯ ಹತ್ತಿರವಿತ್ತು, ಹೊತ್ತಿಗೆ ಗಂಜಿ ಇತ್ತು, ಇದೇ ರೋಗದ ಇತರ ಹೆಂಗಸರ ಜೊತೆ ಮಾತಿತ್ತು. ಮನೆಯಲ್ಲಿ ಯಾರಿಗೂ ಹೇಳಲಾಗದ ಬಿಳಿಸೆರಗಿನ ಮಾತನ್ನು ಅತ್ತೆ ಅಲ್ಲಿ ಆಡಿದರು. ಜಾಗ ಸಿಗದವರು ಲಾಡ್ಜ್‌ಗೆ ದುಡ್ಡು ತೆತ್ತು, ಅದು ಮುಗಿದ ದಿನ ಚಿಕಿತ್ಸೆ ಅರ್ಧಕ್ಕೆ ಬಿಟ್ಟು ಊರಿಗೆ ಹೊರಟದ್ದನ್ನೂ ನೋಡಿದೆ. ಯೋಜನೆಯ ಕಾರ್ಡ್ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗಿನ ಚಿಕಿತ್ಸೆ ಕೊಡುತ್ತದೆ. ಎರಡು ತಿಂಗಳ ಊಟ, ಬಾಡಿಗೆ, ತಪ್ಪಿದ ಕೂಲಿ ಅದರಲ್ಲಿ ಬರುವುದಿಲ್ಲ. ಸರ್ಕಾರ ಹೊಸ ಯಂತ್ರ ಉದ್ಘಾಟಿಸುವಾಗಲೆಲ್ಲ ಪಕ್ಕದಲ್ಲಿ ಒಂದು ಧರ್ಮಶಾಲೆಯನ್ನೂ ಕಟ್ಟಲಿ ಎಂದು ಕೂಗಿ ಹೇಳಬೇಕೆನಿಸುತ್ತದೆ.

ಟ್ರಸ್ಟ್ ಆಸ್ಪತ್ರೆಗೆ ಹೋದದ್ದು ಅಕ್ಕನ ಸ್ತನ ಕ್ಯಾನ್ಸರ್‌ಗೆ. ಅವ್ವನ ಬ್ರಾಕಿಥೆರಪಿ ನಡೆದದ್ದೂ ಅಲ್ಲೇ. ಯಂತ್ರ ಹಳೆಯದು, ಕಟ್ಟಡ ಇನ್ನೂ ಹಳೆಯದು, ಜನಸಂದಣಿ ತಡೆದುಕೊಳ್ಳುವಷ್ಟು. ಸ್ತನದ ಲೆಕ್ಕವೇ ಬೇರೆ: ಒಳಗಿನ ಕರೆಂಟ್ ಸಾಮಾನ್ಯವಾಗಿ ಬೇಕಿಲ್ಲ, ಐದು ವಾರದ ಬದಲು 15 ಬಾರಿಯಲ್ಲಿ ಮೂರು ವಾರಕ್ಕೆ ಮುಗಿಸುವ ಪದ್ಧತಿ ಈಗ ಗಟ್ಟಿಯಾಗಿ ನೆಲೆಗೊಂಡಿದೆ. ಬ್ರಿಟನ್ನಿನಲ್ಲಿ ಐದೇ ಬಾರಿಯ ಕ್ರಮವೂ 2020ರಲ್ಲಿ ಪ್ರಯೋಗದಿಂದ ಸಾಬೀತಾಯಿತು. ಕೂಲಿ ಮಾಡುವ ಹೆಣ್ಣಿಗೆ ಎರಡು ವಾರ ಉಳಿಯುವುದು ಸಣ್ಣ ಮಾತಲ್ಲ. ನಮಗೂ 15 ಬಾರಿಯ ಕ್ರಮ ಆಗುತ್ತದೆಯೇ ಎಂದು ಬಾಯಿ ಬಿಟ್ಟು ಕೇಳಿ.

ಹೊರಗಿನ ಕರೆಂಟ್ ಕೊಡುವ ಹಳೆಯ ಕೋಬಾಲ್ಟ್ ಯಂತ್ರ ಎಂದರೆ ಜನ ಮೂಗು ಮುರಿಯುತ್ತಾರೆ. ವಿದ್ಯುತ್ತಿನಿಂದ ಕಿರಣ ಹುಟ್ಟಿಸುವ ಹೊಸ ಲೀನಿಯರ್ ಆಕ್ಸಿಲರೇಟರ್ ಯಂತ್ರದಲ್ಲಿ ಲಾಭ ಇದೆ. ಗರ್ಭಕಂಠದ ಶಸ್ತ್ರಚಿಕಿತ್ಸೆಯ ನಂತರ ಕಿರಣ ಪಡೆದವರಲ್ಲಿ ಹೊಸ ವಿಧಾನದಿಂದ ಕರುಳಿನ ದೀರ್ಘಕಾಲದ ತೊಂದರೆ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು ಎಂದು ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯ ಅಧ್ಯಯನವೇ ತೋರಿಸಿದೆ. ಆದರೆ ಅದಕ್ಕೆ ಸ್ಥಿರವಾದ ವಿದ್ಯುತ್, ತಂಪು, ಕೆಟ್ಟರೆ ಓಡಿ ಬರುವ ಎಂಜಿನಿಯರ್ ಬೇಕು. ಕೋಬಾಲ್ಟ್‌ಗೆ ಇಷ್ಟೆಲ್ಲ ಬೇಡ. ಭಾಭಾ ಅಣು ಸಂಶೋಧನಾ ಕೇಂದ್ರ ರೂಪಿಸಿದ, ಬೆಂಗಳೂರಿನಲ್ಲಿ ತಯಾರಾಗುವ ಭಾಭಾಟ್ರಾನ್ ಎಂಬ ಕೋಬಾಲ್ಟ್ ಯಂತ್ರ ಹುಟ್ಟಿದ್ದೇ ಇಂಥ ಊರುಗಳಿಗಾಗಿ. ಎಂಟು ವಾರ ಒಂದು ದಿನವೂ ತಪ್ಪದೆ ನಡೆಯುವ ಹಳೆಯ ಯಂತ್ರ, ನಡುನಡುವೆ ನಿಲ್ಲುವ ಹೊಸದಕ್ಕಿಂತ ಮೇಲು.

ಈಗ ಯಾರಾದರೂ ಕೇಳಿದರೆ ನಾನು ಹೇಳುವುದು ಇಷ್ಟು. ಗರ್ಭಕಂಠವಾದರೆ ಹೊರಗಿನದು, ಒಳಗಿನದು ಎರಡೂ ಇರುವ ಅತಿ ಹತ್ತಿರದ ಜಾಗ. ಅದು ಟ್ರಸ್ಟ್ ಆಸ್ಪತ್ರೆಯಾಗಿದ್ದರೆ ನನ್ನ ಮೊದಲ ಆಯ್ಕೆ ಅದೇ. ಅದು ಸಿಗದಿದ್ದರೆ, ಉಳಿಯಲು ಜಾಗ ಗಟ್ಟಿ ಮಾಡಿಕೊಂಡು ದೂರದ ಸರ್ಕಾರಿ ಆಸ್ಪತ್ರೆ. ಬ್ರಾಕಿಥೆರಪಿ ಇಲ್ಲದ ಖಾಸಗಿ ಆಸ್ಪತ್ರೆಯನ್ನು ಹತ್ತಿರ ಎಂಬ ಒಂದೇ ಕಾರಣಕ್ಕೆ ಒಪ್ಪಬೇಡಿ. ಒಪ್ಪಲೇಬೇಕಾದರೆ ಒಳಗಿನ ಕರೆಂಟ್ ಯಾವ ಊರಿನಲ್ಲಿ, ಯಾವ ತಾರೀಖಿಗೆ ಎಂದು ಮೊದಲ ದಿನವೇ ಬರೆಸಿಕೊಳ್ಳಿ. ಸ್ತನವಾದರೆ ಹತ್ತಿರದ್ದೇ ಆಗಬಹುದು. 2020ರ ಅಂದಾಜಿನಂತೆ ದೇಶದಲ್ಲಿ ಆ ಒಂದು ವರ್ಷ ಗರ್ಭಕಂಠದ ಕ್ಯಾನ್ಸರ್ ಬಂದವರು ಸುಮಾರು 1.24 ಲಕ್ಷ, ಸತ್ತವರು ಸುಮಾರು 77 ಸಾವಿರ. ಗುಣವಾಗುವ ಕಾಯಿಲೆಯಲ್ಲಿ ಇಷ್ಟು ಜನ ಸಾಯುವುದಕ್ಕೆ ತಡವಾಗಿ ಬರುವುದೂ ಕಾರಣ, ಬಂದವರಿಗೆ ಪೂರ್ತಿ ಚಿಕಿತ್ಸೆ ದಕ್ಕದಿರುವುದೂ ಕಾರಣ.

ಮೂರೂ ಕಡೆ ಕೇಳದೆ ಯಾರೂ ಹೇಳದ ವಿಷಯ ಒಂದಿದೆ. ಗರ್ಭಕಂಠದ ಕಿರಣ ಚಿಕಿತ್ಸೆಯ ನಂತರ ಯೋನಿಮಾರ್ಗ ಬಿಗಿದುಕೊಳ್ಳಬಹುದು. ಡೈಲೇಟರ್ ಎಂಬ ಸಾಧನವನ್ನು ನಿಯಮಿತವಾಗಿ ಬಳಸಿದರೆ ಅದು ಕಡಿಮೆಯಾಗುತ್ತದೆ, ಮುಂದಿನ ತಪಾಸಣೆಗಳೂ ನೋವಿಲ್ಲದೆ ಆಗುತ್ತವೆ. ಅತ್ತೆಗೆ ಅದನ್ನು ತಿಳಿಸಿಕೊಟ್ಟದ್ದು ಧರ್ಮಶಾಲೆಯ ಪಕ್ಕದ ಹಾಸಿಗೆಯ ಹೆಂಗಸು. ಬಿಡುಗಡೆಯ ದಿನ ನಾಚದೆ ನರ್ಸ್ ಬಳಿ ಕೇಳಿ. ಆಮೇಲೆ ಮೊದಲ ಎರಡು ವರ್ಷ ಮೂರು ನಾಲ್ಕು ತಿಂಗಳಿಗೊಮ್ಮೆ ತೋರಿಸಬೇಕು. ಅದಕ್ಕೆ ಪ್ರತಿ ಸಲ ದೂರ ಹೋಗಬೇಕಿಲ್ಲ. ಕಡತದ ಪ್ರತಿ ಕೈಯಲ್ಲಿದ್ದರೆ ಜಿಲ್ಲಾ ಆಸ್ಪತ್ರೆಯ ಸ್ತ್ರೀರೋಗ ತಜ್ಞರೂ ನೋಡಬಲ್ಲರು. ಅವ್ವನನ್ನು ಈಗ ಅಲ್ಲಿಗೇ ಕರೆದುಕೊಂಡು ಹೋಗುತ್ತಿದ್ದೇನೆ.