ಸ್ವಸಹಾಯ ಸಂಘವೋ, ಸೊಸೈಟಿಯೋ, ಚಳವಳಿಯೋ?

ಊರಿಗೆ ಏನಾದರೂ ಮಾಡಬೇಕು, ಯಾವ ದಾರಿ ಹಿಡಿಯೋಣ ಅಂತ ಶಿರಸಿ ಕಡೆಯ ಕೆಲವು ಗೆಳೆಯರು ಕೇಳಿದ್ದಾರೆ.

ಖರ್ಚು ನೋಡಿದರೆ ಸ್ವಸಹಾಯ ಸಂಘವೇ ಸುಲಭ. ಹತ್ತರಿಂದ ಇಪ್ಪತ್ತು ಜನ, ವಾರದ ಉಳಿತಾಯ, ಒಂದು ಲೆಕ್ಕದ ಪುಸ್ತಕ ಸಾಕು. ನೋಂದಣಿ ಕಡ್ಡಾಯವಲ್ಲ. ಕಾರವಾರದ ಮೀನು ಮಾರುವ ಹೆಂಗಸರಿಗೆ ಸಣ್ಣ ಸಾಲ ಬೇಕಿದ್ದರೆ ಇದೇ ಸರಿ.

ಸಹಕಾರಿ ಸೊಸೈಟಿಗೆ ಷೇರು ಹಣ, ನೋಂದಣಿ, ಆಡಿಟ್, ಚುನಾವಣೆ ಎಲ್ಲ ಬೇಕು. ತಲೆನೋವು ಜಾಸ್ತಿ, ಬಾಳಿಕೆಯೂ ಜಾಸ್ತಿ. ಶಿರಸಿಯ ಟಿಎಸ್ಎಸ್, ಅಂದರೆ ತೋಟಗಾರರ ಸಹಕಾರಿ ಮಾರಾಟ ಸೊಸೈಟಿ, ಶುರುವಾಗಿದ್ದು 1923ರಲ್ಲಿ. ಅಡಿಕೆ ಬೆಳೆಗಾರರು ಇಂದಿಗೂ ಅಲ್ಲಿ ಮಾಲು ಮಾರುತ್ತಾರೆ. ಬೆಳೆಗೆ ನ್ಯಾಯವಾದ ಬೆಲೆ ಸಿಗದಿರುವುದೇ ನಿಮ್ಮ ತೊಂದರೆಯಾದರೆ ಈ ದಾರಿ ಹಿಡಿಯಿರಿ.

ಕಾಡಿನ ಮಾತು ಬೇರೆ. ಕೊಡಲಿ ಬಿದ್ದ ಮೇಲೆ ಸಭೆ ಕರೆದು ಏನು ಪ್ರಯೋಜನ? 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ಬಳಿಯ ಸಾಲ್ಕಣಿ ಊರಿನ ಜನ ಕಾಡಿಗೇ ನಡೆದು ಹೋಗಿ, ಕಡಿಯುವುದನ್ನು ತಡೆಯಲು ಮರಗಳನ್ನು ಅಪ್ಪಿಕೊಂಡರು. ಅದೇ ಅಪ್ಪಿಕೋ ಚಳವಳಿ. ಇದಕ್ಕೆ ದುಡ್ಡಿಗಿಂತ ಜನ ಮುಖ್ಯ, ಅದೂ ಕೆಲಸ ಬಿಟ್ಟು ಬರುವ ಜನ. ಆ ಹುರುಪು ಬಹಳ ಕಾಲ ನಿಲ್ಲುವುದು ಕಷ್ಟ, ಅಲ್ವಾ? ಅಪ್ಪಿಕೋ ಉಳಿದದ್ದು ತಡೆಯುವುದಕ್ಕಷ್ಟೇ ನಿಲ್ಲದೆ ಸಸಿ ಬೆಳೆಸುವ ಕೆಲಸಕ್ಕೂ ಇಳಿದದ್ದರಿಂದ ಅಂತ ನನಗನಿಸುತ್ತದೆ. ನಿಮ್ಮೂರಲ್ಲಿ ಈಗಲೇ ತಡೆಯಬೇಕಾದ್ದು ಏನೂ ಇಲ್ಲದಿದ್ದರೆ ಸ್ವಸಹಾಯ ಸಂಘದಿಂದ ಶುರುಮಾಡಿ. ಲೆಕ್ಕ ಇಡುವುದು ರೂಢಿಯಾದ ಮೇಲೆ ಸೊಸೈಟಿಯ ಯೋಚನೆ ಮಾಡಬಹುದು.